ಬಸ್ಸು ಬರುವುದಿಲ್ಲ

ಬೌಲಿಂಗ್ ಹಾಲಿನ ನೆಲಮಾಳಿಗೆ. ನವೆಂಬರಿನ ಮೊದಲ ಶನಿವಾರ.
ವಾಷಿಂಗ್ಟನ್ ಕರಾವಳಿಯ ಈ ಮೂಲೆಯಲ್ಲಿ
ನಾವು ಏಳು ಜನ, ಒಂದು ತಟ್ಟೆ ಕರಿದ ಮೀನು,
ರೊಮುಲೊನ ಡಬ್ಬಿ ಟೀವಿ.
ಹೊಸ ಟೀವಿಯಲ್ಲಿ ಈ ಆಟದ ಮಂಜು
ಗೋಡೆಗೆ ಹೊಡೆದ ಸುಣ್ಣದ ಹಾಗೆ ಕಾಣುತ್ತದೆ.
ಮೇಲೆ ಯಾರೋ ಚೆಂಡು ಉರುಳಿಸಿದಾಗೆಲ್ಲ
ನಮ್ಮ ತಲೆಯ ಮೇಲೆ ಗುಡುಗು ಹಾದುಹೋಗುತ್ತದೆ.

ಡೆಲ್ಫೀನ್‌ಗೆ ಹದಿನೇಳು. ಈ ಸಲವೇ ಮೊದಲು ಬಂದವಳು.
ಅರ್ಧ ಗಂಟೆ ಆಡಿ, ಎರಡು ಸಲ ಸೇತುವೆಯಿಂದ ಕಾರು ಬೀಳಿಸಿ,
ಕೇಳಿದಳು: ಇದು ಕೆಟ್ಟುಹೋಗಿದೆಯಾ, ಇಲ್ಲಾ ಇರುವುದೇ ಹೀಗಾ?

ಎರಡೂ, ಅಂದ ಆರಿನ್.

ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ.
ಆದರೆ ನಾವು ಇದನ್ನು ಹೆತ್ತವರಲ್ಲ.
ಹೆತ್ತವರು ಒಸಾಕಾದ ಯಾವುದೋ ಮೂರನೇ ಮಹಡಿಯಲ್ಲಿ ಕೂತು
ಕಾಣದ ಅಮೆರಿಕದಲ್ಲಿ ಒಂದು ಮರದ ಮಿಲ್ಲಿನ ಊರು ಕಟ್ಟಿದರು.
ಯಾರೋ ಕಳಿಸಿದ ಪೋಸ್ಟ್‌ಕಾರ್ಡು ನೋಡಿ ಇರಬೇಕು.
ಅಲ್ಲಿ ಕಾಗೆಗಳು ಬೊಗಳುತ್ತವೆ.
ಪೋಸ್ಟಾಫೀಸಿನ ಬಾಗಿಲಲ್ಲಿ ಎಲ್ಲರೂ ಬೂಟು ಕಳಚುತ್ತಾರೆ,
ಶೆರಿಫ್ ಕೂಡ. ಅವನ ಕಾಲುಚೀಲದ ಹೆಬ್ಬೆರಳಲ್ಲಿ ತೂತು.
ಆ ತೂತನ್ನು ಯಾರೋ ಕೂತು ಬಿಡಿಸಿದ್ದಾರೆ, ಡೆಲ್ಫೀನ್.
ಕಾರಿನ ಸ್ಟಿಯರಿಂಗ್ ಸರಿಮಾಡಲು ಪುರುಸೊತ್ತಿರಲಿಲ್ಲ,
ತೂತಿಗೆ ಇತ್ತು.

ಪತ್ತೇದಾರ ತನ್ನ ಸತ್ತ ತಂಗಿಯ ಎಡಗೈ ಗ್ಲೌಸಿನ ಹತ್ತಿರ ಮಾತಾಡುತ್ತಾನೆ.
ಕಾರು ಓಡಿಸುವಾಗ. ಹೆಣ ತಿರುಗಿಸಿ ನೋಡುವಾಗ.
"ಸಿಲ್ವಿ, ನಿನಗೇನನ್ನಿಸುತ್ತೆ?"
ಗ್ಲೌಸು ಏನೂ ಹೇಳುವುದಿಲ್ಲ.
ಅವನು ತಲೆಯಾಡಿಸಿ, "ಅದೂ ಸರಿಯೇ" ಅನ್ನುತ್ತಾನೆ.
ಮೊದಲ ಸಲ ಬಿದ್ದು ಬಿದ್ದು ನಕ್ಕೆವು.
ಮೂರನೇ ಸಲಕ್ಕೆ ಯಾರೂ ನಗಲಿಲ್ಲ.

ಭಯ? ಇದೆ.
ಮಧ್ಯರಾತ್ರಿ ಮಿಲ್ಲಿನ ಸೈರನ್ ಕೂಗಿದರೆ
ಬಾಯ್ತುಂಬ ಮರದ ಹೊಟ್ಟು ತುಂಬಿಕೊಂಡ ಹೆಂಗಸು
ಹಿಮ್ಮುಖವಾಗಿ ನಡೆಯುತ್ತ ನಿನ್ನ ಕಡೆಗೇ ಬರುತ್ತಾಳೆ.
ರೊಮುಲೊ ಇಪ್ಪತ್ತು ವರ್ಷ ಜೈಲು ಕಾದವನು,
ಇವತ್ತಿಗೂ ಆ ಹೊತ್ತಿಗೆ ದೀಪ ಹಾಕು ಅನ್ನುತ್ತಾನೆ.
ನಮ್ಮೂರ ಮಿಲ್ಲಿನ ಸೈರನ್ನೂ ಅದೇ ಶ್ರುತಿಯಲ್ಲಿ ಕೂಗುತ್ತಿತ್ತು,
ಮುಚ್ಚುವ ತನಕ. ಒಸಾಕಾದವರಿಗೆ ಅದು ಹೇಗೆ ಗೊತ್ತಾಯಿತೋ.

ಕೊಲೆಗಾರ ಯಾರೆಂದು ನಮಗೆಲ್ಲ ಗೊತ್ತು. ಹೇಳುವುದಿಲ್ಲ.
ಅವನು ಮಂಗಳವಾರ ಆರು ಮೊಟ್ಟೆ ಕೊಳ್ಳುತ್ತಾನೆ,
ಒಂಬತ್ತಕ್ಕೆ ದೀಪ ಆರಿಸುತ್ತಾನೆ.
ಮುದುಕಿ ಅಡಿಲೈನ್ ಮಂಜಿನಲ್ಲೇ ಬಟ್ಟೆ ಒಣಹಾಕುತ್ತಾಳೆ.
ನೀನು ಕಿಟಕಿಯಾಚೆ ನಿಂತು ನೋಡು, ಬಿಡು,
ಅವರ ಪಾಡಿಗೆ ಅವರ ದಿನ ನಡೆಯುತ್ತಿರುತ್ತದೆ.

ಆರಿನ್ ಹನ್ನೊಂದು ಸಲ ಆಡಿದ್ದಾನೆ, ಒಮ್ಮೆಯೂ ಮುಗಿಸಿಲ್ಲ.
ಕೊಲೆಗಾರ ಸಿಕ್ಕಿಬಿದ್ದರೆ ಊರು ನಿಂತುಬಿಡುತ್ತದೆ:
ಬಟ್ಟೆ ಹಗ್ಗದಲ್ಲೇ, ಮೊಟ್ಟೆ ಅಂಗಡಿಯಲ್ಲೇ.
ಕೊನೆಯ ಬಾಗಿಲ ಮುಂದೆ ನಿಂತು, ಸಾಕು ಅಂದು,
ಮತ್ತೆ ಮೊದಲಿಂದ ಶುರುಮಾಡುತ್ತಾನೆ.
ಮಿಲ್ಲಿನ ಕಡೇ ಪಾಳಿಯಲ್ಲಿ ಸ್ವಿಚ್ಚು ಆರಿಸಿದವನು ಅವನೇ.
ನಾವು ಅದರ ಬಗ್ಗೆ ಮಾತಾಡುವುದಿಲ್ಲ.

ಈಗ ಡೆಲ್ಫೀನ್ ಕಾರು ನಿಲ್ಲಿಸಿದ್ದಾಳೆ.
ಬಸ್ ನಿಲ್ದಾಣದ ಬೆಂಚಿನಲ್ಲಿ ಒಬ್ಬ ಮುದುಕ, ಮಡಿಲಲ್ಲಿ ಕೇಕಿನ ಡಬ್ಬಿ.
ಲೆಕ್ಕದಲ್ಲಿ ಎಲ್ಲೋ ತಪ್ಪಿ ಆ ಬಸ್ಸು ಬರುವುದೇ ಇಲ್ಲ,
ಒಂದು ಸಲವೂ ಬಂದಿಲ್ಲ.
ಅವಳಿಗೆ ಅದನ್ನು ಯಾರೂ ಹೇಳಲಿಲ್ಲ.
ಪಕ್ಕದಲ್ಲಿ ಕೂತಳು. ಮಂಜು ಸುರಿಯಿತು, ನಿಂತಿತು.
ಹತ್ತು ನಿಮಿಷದ ಮೇಲೆ ಮುದುಕ ತಿರುಗಿ,
ಯಾರೋ ಅನುವಾದಿಸಲು ಹೋಗಿ ಎಡವಿದ ಆ ಮಾತು ಹೇಳಿದ:
"ನನ್ನ ತಡಕ್ಕೆ ನೀವು ಬಂದಿರಿ. ಕಾಲು ಒದ್ದೆಯಾಗಿದೆ. ಕೃತಜ್ಞ."

ಮೇಲೆ ಹತ್ತೂ ಪಿನ್ನು ಒಟ್ಟಿಗೆ ಬಿದ್ದವು.
ಎರಡು ಗಂಟೆ. ನಾನು ಹೋಗಿ ಬಾಡಿಗೆ ಬೂಟು ಎಣಿಸಿ ಬಾಗಿಲು ಹಾಕಬೇಕು.
ಬೀಗದ ಕೈ ತೆಗೆದೆ.
ತಿರುಗಿ ನೋಡದೆ ಅಂದಳು ಡೆಲ್ಫೀನ್:
ಐದು ನಿಮಿಷ ಇರಿ. ಏನೋ ಬೆಳಕು ಕಂಡ ಹಾಗಿದೆ.